ದಿನಕ್ಕೆ ಹದಿನಾರು ರೂಪಾಯಿಯ ಒಂದು ಕೋಟಿ

ಲೋಕಲ್ ರೈಲಿನ ಬೋಗಿಯಲ್ಲಿ, ಮೆಟ್ರೊ ಕಂಬದ ಮೇಲೆ, ಕ್ರಿಕೆಟ್ ಪಂದ್ಯದ ಎರಡು ಓವರುಗಳ ನಡುವೆ ನಮಗೆಲ್ಲ ಪರಿಚಯವಾಗಿಬಿಟ್ಟಿರುವ ಒಂದು ಮಾತಿದೆ: ದಿನಕ್ಕೆ ಹದಿನಾರು ರೂಪಾಯಿಗೆ ಒಂದು ಕೋಟಿಯ ಟರ್ಮ್ ಇನ್ಶೂರೆನ್ಸ್. ಅಂಕಿ ಕೆಲವೊಮ್ಮೆ ಹದಿನೈದು, ಕೆಲವೊಮ್ಮೆ ಹದಿನೆಂಟು. ಧಾಟಿ ಮಾತ್ರ ಅದೇ. ಒಂದು ಕಟಿಂಗ್ ಚಹಾದ ದುಡ್ಡಿನಲ್ಲಿ ಹೆಂಡತಿ ಮಕ್ಕಳ ಬದುಕು ಭದ್ರ ಎನ್ನುವ ಭರವಸೆ. ಅಂಕಿಯ ಮೂಲೆಯಲ್ಲಿ ಒಂದು ಪುಟ್ಟ ನಕ್ಷತ್ರ. ಆ ನಕ್ಷತ್ರದ ಅರ್ಥ ಜಾಹೀರಾತಿನ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇರುತ್ತದೆ: ಇಪ್ಪತ್ತರ ಆಸುಪಾಸಿನ ವಯಸ್ಸು, ತಂಬಾಕು ಮುಟ್ಟದವರು, ಪೂರ್ಣ ಆರೋಗ್ಯವಂತರು, ಇಂತಿಷ್ಟೇ ವರ್ಷದ ಅವಧಿ, ಮೊದಲ ವರ್ಷದ ರಿಯಾಯಿತಿ ಕಳೆದು.

ಈಗ ಆ ಜಾಹೀರಾತನ್ನು ನೋಡುತ್ತಿರುವವರು ಯಾರು ಎಂದು ಯೋಚಿಸಿ. ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ಮೂವತ್ತೆಂಟರ ಎಂಜಿನಿಯರ್. ಠಾಣೆಯಲ್ಲಿ ಹೋಟೆಲ್ ನಡೆಸುವ ನಲವತ್ತಮೂರರ ಉಡುಪಿಯವರು. ಚೆನ್ನೈನಲ್ಲಿ ಗೃಹಸಾಲದ ಎಂಟನೇ ವರ್ಷದಲ್ಲಿರುವ, ಬೆಳಿಗ್ಗೆ ಬಿಪಿ ಮಾತ್ರೆ ನುಂಗಿ ಆಫೀಸಿಗೆ ಹೋಗುವ ಬ್ಯಾಂಕ್ ಮ್ಯಾನೇಜರ್. ಟರ್ಮ್ ವಿಮೆ ನಿಜಕ್ಕೂ ಬೇಕಾಗಿರುವುದು ಇವರಿಗೆ. ಇಪ್ಪತ್ತೆರಡರ ಹುಡುಗನಿಗೆ ಸಾಲವೂ ಇಲ್ಲ, ಸಂಸಾರವೂ ಇಲ್ಲ. ಅಂದರೆ ಯಾರಿಗೆ ವಿಮೆಯ ಅಗತ್ಯ ಅತಿ ಕಡಿಮೆಯೋ ಅವರ ಬೆಲೆಯನ್ನು ತೋರಿಸಿ, ಯಾರಿಗೆ ಅತಿ ಹೆಚ್ಚೋ ಅವರನ್ನು ಕರೆಯಲಾಗುತ್ತಿದೆ.

ನನ್ನ ವಾದ ಸರಳ. ಆ ಹದಿನಾರು ರೂಪಾಯಿ ಬೆಲೆಯೇ ಅಲ್ಲ. ಅದನ್ನು ಬೆಲೆ ಎಂದು ಪ್ರಕಟಿಸಲು ಕಂಪನಿಗಳಿಗೆ ಬಿಡಬಾರದು, ಬೆಲೆ ಎಂದು ನಂಬುವುದನ್ನು ನಾವೂ ನಿಲ್ಲಿಸಬೇಕು. ಏಕೆಂದರೆ ಈ ಸುಳ್ಳು ಬೆಲೆಯಿಂದ ಆಗುವ ಹಾನಿ ತಿಂಗಳಿಗೆ ನಾಲ್ಕುನೂರು ಹೆಚ್ಚು ಕಟ್ಟಬೇಕಾಯಿತಲ್ಲ ಎಂಬ ಬೇಸರಕ್ಕೆ ಮುಗಿಯುವುದಿಲ್ಲ. ಅದು ಕೊನೆಗೆ ಬಂದು ಬೀಳುವುದು ನಾಮಿನಿಯ ತಲೆಯ ಮೇಲೆ, ಪಾಲಿಸಿ ಮಾಡಿಸಿದವನು ಉತ್ತರ ಕೊಡಲು ಇಲ್ಲದಿರುವ ಹೊತ್ತಿನಲ್ಲಿ.

ನಾಲ್ಕು ಪ್ರಶ್ನೆಯ ಬೆಲೆ, ಐವತ್ತು ಪ್ರಶ್ನೆಯ ಬೆಲೆ

ಯಾವುದೇ ಕಂಪನಿಯ ಅಥವಾ ಹೋಲಿಕೆ ತಾಣದ ಪುಟ ತೆರೆಯಿರಿ. ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ತಂಬಾಕು ಬಳಸುತ್ತೀರೋ ಇಲ್ಲವೋ, ವರ್ಷದ ಆದಾಯ ಎಷ್ಟು ಎಂದು ಕೇಳುತ್ತದೆ. ನಾಲ್ಕು ಉತ್ತರ, ಒಂದು ಮೊಬೈಲ್ ಸಂಖ್ಯೆ, ಪರದೆಯ ಮೇಲೆ ಬೆಲೆ ಸಿದ್ಧ. ಹತ್ತು ನಿಮಿಷದಲ್ಲಿ ಮೊದಲ ಫೋನ್ ಕರೆಯೂ ಸಿದ್ಧ.

ಆಮೇಲೆ ಬರುತ್ತದೆ ಪ್ರೊಪೋಸಲ್ ಫಾರಂ. ಎತ್ತರ, ತೂಕ. ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್. ಕಳೆದ ಕೆಲವು ವರ್ಷಗಳಲ್ಲಿ ಆಸ್ಪತ್ರೆ ಸೇರಿದ್ದೀರಾ? ತಂದೆ ತಾಯಿ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಅರವತ್ತಕ್ಕೆ ಮುಂಚೆ ಹೃದಯದ ಕಾಯಿಲೆ ಬಂದಿತ್ತೇ? ಬೇರೆ ಕಂಪನಿಗಳಲ್ಲಿ ಯಾವ ಪಾಲಿಸಿಗಳಿವೆ? ಯಾವುದಾದರೂ ಕಂಪನಿ ಹಿಂದೆ ನಿಮ್ಮ ಅರ್ಜಿಯನ್ನು ನಿರಾಕರಿಸಿತ್ತೇ, ಹೆಚ್ಚು ಪ್ರೀಮಿಯಂ ಕೇಳಿತ್ತೇ? ಮದ್ಯ ವಾರಕ್ಕೆ ಎಷ್ಟು? ಬಳಿಕ ರಕ್ತ, ಮೂತ್ರ, ಇಸಿಜಿ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ. ತಂಬಾಕಿನ ಕುರುಹನ್ನು ಹಿಡಿಯುವ ಕೋಟಿನಿನ್ ಪರೀಕ್ಷೆ.

ತಂಬಾಕು ಎಂದೊಡನೆ ನಮ್ಮವರಿಗೆ ಸಿಗರೇಟು, ಬೀಡಿ ನೆನಪಾಗುತ್ತದೆ. ಊಟವಾದ ಮೇಲೆ ಒಂದೆಳೆ ಹೊಗೆಸೊಪ್ಪು ಸೇರಿಸಿ ಎಲೆಅಡಿಕೆ ಹಾಕುವವರು ‘ನಾನು ಸೇದುವುದಿಲ್ಲ’ ಎಂದು ಬರೆದು ಸಮಾಧಾನಪಟ್ಟುಕೊಳ್ಳುತ್ತಾರೆ. ಫಾರಂ ಕೇಳುವುದು ಸೇದುತ್ತೀರಾ ಎಂದಲ್ಲ, ಯಾವುದೇ ರೂಪದಲ್ಲಿ ತಂಬಾಕು ಬಳಸುತ್ತೀರಾ ಎಂದು. ಗುಟ್ಕಾ, ಖೈನಿ, ಹೊಗೆಸೊಪ್ಪು, ನಶ್ಯ ಎಲ್ಲವೂ ಅದರಲ್ಲಿ ಬಂತು. ತಂಬಾಕು ಬಳಸುವವರ ಪ್ರೀಮಿಯಂ ಬಳಸದವರದ್ದಕ್ಕಿಂತ ಒಂದೂವರೆ ಪಟ್ಟು ದಾಟುವುದು ಸಾಮಾನ್ಯ.

ಈ ಎಲ್ಲ ಉತ್ತರಗಳನ್ನು ನೋಡಿದ ಮೇಲೆ ಕಂಪನಿ ನಾಲ್ಕರಲ್ಲಿ ಒಂದು ಮಾಡುತ್ತದೆ: ಹೇಳಿದ ಬೆಲೆಗೇ ಪಾಲಿಸಿ ಕೊಡುತ್ತದೆ, ‘ಲೋಡಿಂಗ್’ ಎಂದು ಪ್ರೀಮಿಯಂ ಏರಿಸುತ್ತದೆ, ಮೊತ್ತವನ್ನೋ ಅವಧಿಯನ್ನೋ ಇಳಿಸುತ್ತದೆ, ಇಲ್ಲವೇ ಮುಂದೂಡುತ್ತದೆ, ನಿರಾಕರಿಸುತ್ತದೆ. ನಿಜವಾದ ಕೋಟ್ ಹುಟ್ಟುವುದು ಆ ಗಳಿಗೆಯಲ್ಲಿ. ಅದಕ್ಕೆ ಮುಂಚೆ ಪರದೆಯ ಮೇಲೆ ಕಂಡದ್ದೆಲ್ಲ ಕರೆಯೋಲೆ, ಅಷ್ಟೇ.

ಸಾವಿರಕ್ಕೆ ಒಂದು

ಬೆಲೆ ನಿಜವೋ ಅಲ್ಲವೋ ಎಂದು ತಿಳಿಯಲು ಒಂದು ಒರಟು ಲೆಕ್ಕವಿದೆ. ಭಾರತದ ಜೀವವಿಮಾ ಕಂಪನಿಗಳು ಆಧಾರವಾಗಿ ಇಟ್ಟುಕೊಳ್ಳುವ ಮರಣ ಕೋಷ್ಟಕ 2012–14ರ ಅಂಕಿಗಳ ಮೇಲೆ ನಿಂತಿದೆ. ಅದರ ಪ್ರಕಾರ ಮೂವತ್ತು ವಯಸ್ಸಿನ ಸಾವಿರ ವಿಮೆದಾರರಲ್ಲಿ ಒಂದು ವರ್ಷದಲ್ಲಿ ತೀರಿಕೊಳ್ಳುವವರು ಸುಮಾರು ಒಬ್ಬರು. ಇಪ್ಪತ್ತರ ಹರೆಯದಲ್ಲೂ ಆ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆಯೇನಿಲ್ಲ. ಐವತ್ತಕ್ಕೆ ಬರುವ ಹೊತ್ತಿಗೆ ಅದು ನಾಲ್ಕನ್ನು ದಾಟುತ್ತದೆ.

ಸಾವಿರಕ್ಕೆ ಒಬ್ಬರಿಗೆ ಒಂದು ಕೋಟಿ ಕೊಡಬೇಕಾದರೆ ಆ ಸಾವಿರ ಜನರಿಂದ ತಲಾ ಹತ್ತು ಸಾವಿರ ರೂಪಾಯಿ ಸಂಗ್ರಹಿಸಬೇಕು. ಐವತ್ತರ ವಯಸ್ಸಿನಲ್ಲಿ ತಲಾ ನಲವತ್ತು ಸಾವಿರಕ್ಕೂ ಹೆಚ್ಚು. ಇದು ಕಂಪನಿಯ ಖರ್ಚು, ಏಜೆಂಟರ ಕಮಿಷನ್, ಲಾಭ ಯಾವುದೂ ಸೇರದ ಬರಿಯ ಸಾವಿನ ವೆಚ್ಚ. ದಿನಕ್ಕೆ ಹದಿನಾರು ರೂಪಾಯಿ ಅಂದರೆ ವರ್ಷಕ್ಕೆ 5,840. ಮೂವತ್ತು ವರ್ಷ ಅದೇ ಪ್ರೀಮಿಯಂ ಎಂದು ಬೇರೆ ಹೇಳುತ್ತಾರೆ. ಲೆಕ್ಕ ಹೇಗೆ ಕೂಡುತ್ತದೆ?

ಕೂಡುವುದು ಮೂರು ಕಾರಣದಿಂದ. ಮೊದಲ ವರ್ಷಗಳಲ್ಲಿ ಕಟ್ಟಿದ ಹಣಕ್ಕೆ ಬಡ್ಡಿ ಬರುತ್ತದೆ. ನಡುವೆ ಎಷ್ಟೋ ಜನ ಕಂತು ನಿಲ್ಲಿಸಿಬಿಡುತ್ತಾರೆ, ಅವರು ಕಟ್ಟಿದ್ದು ಕಂಪನಿಗೇ ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕಂಪನಿ ಸರಾಸರಿ ಮನುಷ್ಯನಿಗೆ ಈ ಬೆಲೆ ಹಾಕಿಲ್ಲ. ಓದಿದವರು, ಸಂಬಳದವರು, ತಂಬಾಕು ಮುಟ್ಟದವರು, ರಕ್ತಪರೀಕ್ಷೆಯಲ್ಲಿ ಒಂದೂ ಕೆಂಪು ಗುರುತಿಲ್ಲದವರು, ಹೀಗೆ ಸಾವಿರದಲ್ಲಿ ಆರಿಸಿದವರಿಗೆ ಹಾಕಿದ ಬೆಲೆ ಅದು.

ಹೀಗಾಗಿ ಅಗ್ಗದ ಬೆಲೆ ಮತ್ತು ಕಟ್ಟುನಿಟ್ಟಿನ ಫಾರಂ ಎರಡೂ ಒಂದೇ ನಾಣ್ಯದ ಮುಖಗಳು. ಬೆಲೆ ಎಷ್ಟು ಅಗ್ಗವೋ ಸೋಸುವ ಜರಡಿ ಅಷ್ಟು ಸಣ್ಣ. ಆದರೆ ಜಾಹೀರಾತು ಒಂದು ಮುಖವನ್ನು ಮಾತ್ರ ತೋರಿಸುತ್ತದೆ. ಜರಡಿಯ ಬಗ್ಗೆ ನಿಮಗೆ ಗೊತ್ತಾಗುವುದು ನೀವು ಅದರಲ್ಲಿ ಸಿಕ್ಕಿಬಿದ್ದಾಗ.

ಅಗ್ಗದ ಉತ್ತರದ ನಿಜವಾದ ದರ

ಈಗ ಆ ಬ್ಯಾಂಕ್ ಮ್ಯಾನೇಜರ್ ಬಳಿಗೆ ಬರೋಣ. ಪರದೆಯ ಮೇಲೆ ಒಂದು ಬೆಲೆ ಕಂಡಿದ್ದಾರೆ. ಮನಸ್ಸಿನಲ್ಲಿ ಅದು ಅಚ್ಚಾಗಿದೆ. ಬಿಪಿ ಮಾತ್ರೆಯ ವಿಷಯ ಬರೆದರೆ ಪ್ರೀಮಿಯಂ ಏರುತ್ತದೆ ಎಂದು ಗೊತ್ತಾಗುತ್ತದೆ. ಫೋನಿನಲ್ಲಿರುವ ಹುಡುಗನಿಗೆ ತಿಂಗಳ ಟಾರ್ಗೆಟ್ ಇದೆ. ‘ಸರ್, ಕಂಟ್ರೋಲ್‌ನಲ್ಲಿ ಇದೆಯಲ್ಲ, ಬಿಡಿ’ ಎನ್ನುತ್ತಾನೆ. ಸುಳ್ಳು ಬೆಲೆ ಸುಳ್ಳು ಉತ್ತರವನ್ನು ಹುಟ್ಟಿಸುವುದು ಹೀಗೆ. ಕರೆದವರೇ ಬಾಗಿಲು ಕಿರಿದು ಮಾಡಿದ್ದಾರೆ. ಒಳಗೆ ನುಸುಳಲು ಮೈ ಕುಗ್ಗಿಸುವಂತೆ ಆಮಿಷವನ್ನೂ ಒಡ್ಡಿದ್ದಾರೆ.

1938ರ ವಿಮಾ ಕಾಯ್ದೆಯ 45ನೇ ಕಲಂ ಇಲ್ಲಿ ಕೆಲಸಕ್ಕೆ ಬರುತ್ತದೆ. 2015ರ ತಿದ್ದುಪಡಿಯ ನಂತರ ಅದು ಹೇಳುವುದು ಇಷ್ಟು: ಪಾಲಿಸಿ ಕೊಟ್ಟು ಮೂರು ವರ್ಷವಾದ ಮೇಲೆ ಯಾವ ಕಾರಣಕ್ಕೂ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗಾದರೆ ವಂಚನೆಯ ಕಾರಣಕ್ಕೆ, ಅಥವಾ ಅಪಾಯದ ಅಂದಾಜಿಗೆ ಮುಖ್ಯವಾದ ಸಂಗತಿಯನ್ನು ಮುಚ್ಚಿಟ್ಟ ಕಾರಣಕ್ಕೆ ರದ್ದು ಮಾಡಬಹುದು. ವಂಚನೆ ಇಲ್ಲದ ಪ್ರಕರಣದಲ್ಲಿ ಕಟ್ಟಿದ ಪ್ರೀಮಿಯಂ ವಾಪಸು ಕೊಡಬೇಕು. ಒಂದು ಕೋಟಿಯ ಜಾಗದಲ್ಲಿ ಹದಿನೈದೋ ಇಪ್ಪತ್ತೋ ಸಾವಿರ.

ಇದನ್ನು ಓದಿದವರಲ್ಲಿ ಕೆಲವರು ‘ಮೂರು ವರ್ಷ ಹೇಗೋ ತಳ್ಳಿದರೆ ಆಯ್ತಲ್ಲ’ ಎಂದು ವಾಟ್ಸ್ಯಾಪ್ ಗುಂಪುಗಳಲ್ಲಿ ಬುದ್ಧಿವಾದ ಹೇಳುತ್ತಾರೆ. ಮೂರು ವರ್ಷ ಬದುಕುತ್ತೇನೆ ಎಂಬ ಖಾತ್ರಿ ಇದ್ದವನು ವಿಮೆ ಮಾಡಿಸುವುದೇಕೆ? ಇನ್ನೊಂದು ಮಾತನ್ನು ಈ ಬುದ್ಧಿವಂತರು ಮರೆಯುತ್ತಾರೆ: ಕಂತು ತಪ್ಪಿ ಪಾಲಿಸಿ ನಿಂತು, ಮತ್ತೆ ಜೀವ ತುಂಬಿಸಿದರೆ ಆ ಮೂರು ವರ್ಷದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ತಿಂಗಳ ಕಂತು ಆರಿಸಿಕೊಂಡವರಿಗೆ ಸಿಗುವ ಹೆಚ್ಚುವರಿ ಅವಕಾಶ ಕೇವಲ 15 ದಿನ, ವರ್ಷದ ಕಂತಿಗಾದರೆ 30 ದಿನ. ‘ದಿನಕ್ಕೆ ಹದಿನಾರು’ ಎಂಬ ಭಾಷೆ ಜನರನ್ನು ತಿಂಗಳ ಕಂತಿನ ಕಡೆಗೇ ತಳ್ಳುತ್ತದೆ ಎಂಬುದನ್ನು ಗಮನಿಸಿ.

2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣವೊಂದನ್ನು ನೋಡಿ. ಹತ್ತು ಲಕ್ಷದ ಟರ್ಮ್ ಪಾಲಿಸಿ. ಎರಡು ತಿಂಗಳ ಹಿಂದಷ್ಟೇ ಬೇರೆ ಕಂಪನಿಯಲ್ಲಿ ಮಾಡಿಸಿದ್ದ ಪಾಲಿಸಿಯ ವಿಷಯ ಅರ್ಜಿಯಲ್ಲಿ ಇರಲಿಲ್ಲ. ಪಾಲಿಸಿದಾರ ಕೆಲವೇ ತಿಂಗಳಲ್ಲಿ ತೀರಿಕೊಂಡರು. ರಾಷ್ಟ್ರೀಯ ಗ್ರಾಹಕ ಆಯೋಗ ಪತ್ನಿಯ ಪರವಾಗಿತ್ತು. ಸುಪ್ರೀಂ ಕೋರ್ಟ್ ಮಾತ್ರ ಕಂಪನಿಯ ನಿರಾಕರಣೆ ಸರಿ ಎಂದಿತು. ಏಜೆಂಟ್ ಫಾರಂ ತುಂಬಿದ, ಸಹಿ ಮಾಡಿದವರಿಗೆ ಗೊತ್ತಿರಲಿಲ್ಲ ಎಂಬ ವಾದ ನಿಲ್ಲಲಿಲ್ಲ. ಅದಕ್ಕೆ ನ್ಯಾಯಾಲಯ ಎತ್ತಿಹಿಡಿದ ಹಳೆಯ ತೀರ್ಪು ನಮ್ಮದೇ ಮೈಸೂರು ಹೈಕೋರ್ಟಿನದು, 1958ರದು: ಓದದೆ ಸಹಿ ಹಾಕಿದೆ ಎಂದು ಹೇಳಿ ಅದರ ಪರಿಣಾಮದಿಂದ ತಪ್ಪಿಸಿಕೊಳ್ಳಲಾಗದು, ಫಾರಂ ತುಂಬುವ ಹೊತ್ತಿನಲ್ಲಿ ಏಜೆಂಟ್ ಸಾಮಾನ್ಯವಾಗಿ ಕಂಪನಿಯ ಪ್ರತಿನಿಧಿಯಲ್ಲ, ಅರ್ಜಿದಾರನ ಪ್ರತಿನಿಧಿ. ಅಂದರೆ ಫೋನಿನ ಹುಡುಗ ‘ಬಿಡಿ ಸರ್’ ಎಂದದ್ದು ಕಾನೂನಿನ ಕಣ್ಣಿನಲ್ಲಿ ನೀವೇ ಹೇಳಿಕೊಂಡದ್ದು.

2025ರ ಫೆಬ್ರವರಿಯಲ್ಲಿ ಅದೇ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಕುಟುಂಬದ ಪರ ನಿಂತಿತು. ಅಲ್ಲಿ ಪಾಲಿಸಿದಾರ ತನ್ನ ದೊಡ್ಡ ಪಾಲಿಸಿಯನ್ನು ಬರೆದು, ಸಣ್ಣ ಪಾಲಿಸಿಗಳನ್ನು ಬಿಟ್ಟಿದ್ದ. ಅಷ್ಟಕ್ಕೆ ಹಣ ತಡೆಯುವಂತಿಲ್ಲ ಎಂದಿತು ನ್ಯಾಯಾಲಯ. ಒಳ್ಳೆಯದೇ. ಆದರೆ ಸಾವಿನಿಂದ ತೀರ್ಪಿನವರೆಗೆ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಇಬ್ಬರು ಮಕ್ಕಳ ಶಾಲೆ ಮುಗಿಯುವಷ್ಟು ಕಾಲ. ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು; ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೆಡೆ ಕಚೇರಿ ಇದೆ, ಶುಲ್ಕವಿಲ್ಲ. ಆದರೆ ಅಲ್ಲಿ ಸಿಗಬಹುದಾದ ಪರಿಹಾರದ ಮಿತಿ 50 ಲಕ್ಷ. ಜಾಹೀರಾತಿನ ಕೋಟಿಯ ಅರ್ಧ.

ಬೆಲೆಯನ್ನು ಮಸುಕು ಮಾಡುವ ಬೇರೆ ದಾರಿಗಳು

ಅಗ್ಗದ ಅಂಕಿಯಿಂದ ಒಳಕ್ಕೆ ಕರೆದ ಮೇಲೆ ಅಂಗಡಿಯವರು ದುಬಾರಿ ಸರಕನ್ನು ಹೊರತೆಗೆಯುತ್ತಾರೆ. ‘ಬದುಕಿದರೆ ಕಟ್ಟಿದ್ದೆಲ್ಲ ವಾಪಸು’ ಎಂಬ ಯೋಜನೆ ಅದರಲ್ಲಿ ಮೊದಲನೆಯದು. ಏನೂ ಬಾರದ ಪಾಲಿಸಿಗೆ ದುಡ್ಡು ಸುರಿಯುವುದು ದಂಡ ಎಂದು ನಂಬಿರುವ ನಮ್ಮ ಹಿರಿಯರಿಗೆ ಇದು ಬಹಳ ಹಿಡಿಸುತ್ತದೆ. ಒಂದು ಉದಾಹರಣೆ ಲೆಕ್ಕ ಮಾಡೋಣ. ಬರಿಯ ಟರ್ಮ್ ವರ್ಷಕ್ಕೆ 15,000, ವಾಪಸು ಕೊಡುವ ಯೋಜನೆ 30,000, ಅವಧಿ 30 ವರ್ಷ ಎಂದಿಟ್ಟುಕೊಳ್ಳಿ. ಕೊನೆಗೆ ಅವರು ಕೈಗಿಡುವುದು 9 ಲಕ್ಷ. ಹೆಚ್ಚುವರಿ 15,000ವನ್ನು ನೀವೇ ವರ್ಷಕ್ಕೆ ಶೇ. 7 ಬಡ್ಡಿಯಲ್ಲಿ ಇಟ್ಟಿದ್ದರೆ ಆಗುತ್ತಿದ್ದುದು ಸುಮಾರು 15 ಲಕ್ಷ. ‘ವಾಪಸು’ ಎಂಬ ಒಂದು ಪದದ ದರ ಆರು ಲಕ್ಷ.

ಎರಡನೆಯದು ‘99 ವರ್ಷದವರೆಗೆ’ ಎಂಬ ಆಮಿಷ. ಈಗ ಮೂವತ್ತೈದು ವಯಸ್ಸಾದವರಿಗೆ 65ರ ಹೊತ್ತಿಗೆ, ಬೆಲೆಯೇರಿಕೆ ವರ್ಷಕ್ಕೆ ಶೇ. 6 ಎಂದಿಟ್ಟರೂ, ಒಂದು ಕೋಟಿಯ ಕೊಳ್ಳುವ ಶಕ್ತಿ ಇಂದಿನ ಹದಿನೇಳು ಲಕ್ಷ ಚಿಲ್ಲರೆ. ಇನ್ನೂ ಇಪ್ಪತ್ತು ವರ್ಷ ತಳ್ಳಿದರೆ ಐದೂವರೆ ಲಕ್ಷದಷ್ಟು. ಆ ಹೊತ್ತಿಗೆ ನಿಮ್ಮ ಸಂಪಾದನೆಯನ್ನು ನಂಬಿದವರು ಯಾರೂ ಇರುವುದಿಲ್ಲ. ಮೊಮ್ಮಕ್ಕಳ ಸಂಬಳ ಅದಕ್ಕಿಂತ ಹೆಚ್ಚಿರುತ್ತದೆ. ಆದರೂ ಈ ದೀರ್ಘ ಅವಧಿ ಇಡೀ ಪ್ರೀಮಿಯಂ ಏರಿಸುತ್ತದೆ.

ಮೂರನೆಯದು ಪರಊರಿನಲ್ಲಿ ಮನೆ ಕೊಳ್ಳುವ ನಮ್ಮಂಥವರಿಗೆ ನೇರ ತಗಲುವಂಥದು. ಗೃಹಸಾಲದ ಕಾಗದಗಳಿಗೆ ಸಹಿ ಹಾಕುವ ದಿನ, ಚೆಕ್ ಸಿಗುವ ಆತುರದಲ್ಲಿ, ಬ್ಯಾಂಕಿನವರು ಒಂದು ವಿಮೆಯ ಕಾಗದವನ್ನೂ ಮುಂದಿಡುತ್ತಾರೆ. ಒಂದೇ ಕಂತಿನ ಪ್ರೀಮಿಯಂ, ಅದನ್ನು ಸಾಲಕ್ಕೇ ಸೇರಿಸುತ್ತಾರೆ, ಇಪ್ಪತ್ತು ವರ್ಷ ಅದರ ಮೇಲೂ ಬಡ್ಡಿ ಕಟ್ಟುತ್ತೀರಿ. ವಿಮೆಯ ಮೊತ್ತವೋ ಸಾಲದ ಜೊತೆ ಇಳಿಯುತ್ತಾ ಹೋಗುತ್ತದೆ. ಸಾಲಕ್ಕಾಗಿ ಅವರ ವಿಮೆಯನ್ನೇ ಕೊಳ್ಳಬೇಕೆಂಬ ಕಾನೂನಿಲ್ಲ. ಹೋಲಿಸಿ ನೋಡಲು ಅವಕಾಶವೇ ಕೊಡದ ಈ ಕೋಟ್ ಎಲ್ಲಕ್ಕಿಂತ ಕೆಟ್ಟ ಕೋಟ್.

ಇನ್ನು ‘ಕ್ಲೇಮ್ ಸೆಟಲ್‌ಮೆಂಟ್ ಶೇ. 99’ ಎಂಬ ಫಲಕ. ಆ ಅನುಪಾತ ಕಂಪನಿಯ ಎಲ್ಲ ಬಗೆಯ ವೈಯಕ್ತಿಕ ಪಾಲಿಸಿಗಳ ಸಾವಿನ ಕ್ಲೇಮುಗಳದ್ದು. ಎರಡು ಲಕ್ಷದ ಹಳೆಯ ಎಂಡೋಮೆಂಟ್ ಪಾಲಿಸಿಯೂ ಒಂದು, ಎರಡೇ ವರ್ಷ ಹಳೆಯದಾದ ಕೋಟಿಯ ಟರ್ಮ್ ಪಾಲಿಸಿಯೂ ಒಂದು. ಹದಿನೈದು ವರ್ಷ ಹಳೆಯ ಸಣ್ಣ ಪಾಲಿಸಿಯನ್ನು ಯಾರೂ ತಡೆಯುವುದಿಲ್ಲ. ನಿಮಗೆ ಬೇಕಾದ ಅಂಕಿ ಬೇರೆ: ಮೊದಲ ಮೂರು ವರ್ಷದ ಟರ್ಮ್ ಕ್ಲೇಮುಗಳಲ್ಲಿ, ಹಣದ ಲೆಕ್ಕದಲ್ಲಿ, ಎಷ್ಟು ಕೊಟ್ಟರು? ಅದು ಫಲಕದ ಮೇಲೆ ಇಲ್ಲ.

ಅವರ ವಾದವನ್ನೂ ಕೇಳೋಣ

ಕಂಪನಿಗಳ ಮೊದಲ ಉತ್ತರ: ಒಬ್ಬೊಬ್ಬರ ಅಪಾಯ ಒಂದೊಂದು ಥರ, ಪರೀಕ್ಷೆಗೆ ಮುಂಚೆ ಬೆಲೆ ಹೇಳುವುದು ಹೇಗೆ? ನ್ಯಾಯವಾದ ಮಾತು. ಹಾಗಿದ್ದರೆ ಹೇಳಬೇಡಿ. ಹೇಳಲಾಗದ ಬೆಲೆಯನ್ನು ಆಳೆತ್ತರದ ಅಕ್ಷರದಲ್ಲಿ ಹೇಳಿ, ಹೇಳಲಾಗದು ಎಂಬುದನ್ನು ಇರುವೆ ಅಕ್ಷರದಲ್ಲಿ ಹೇಳುವುದು ಯಾವ ನ್ಯಾಯ?

ಎರಡನೆಯದು ಇನ್ನೂ ಗಟ್ಟಿ: ಈ ದೇಶದಲ್ಲಿ ವಿಮೆ ಮಾಡಿಸಿದವರೇ ಕಡಿಮೆ, ಮಾಡಿಸಿದವರ ಮೊತ್ತವೂ ಕಡಿಮೆ, ಅಗ್ಗದ ಬೆಲೆ ನೋಡಿಯಾದರೂ ಜನ ಬರಲಿ. ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಟರ್ಮ್ ವಿಮೆ ನಿಜಕ್ಕೂ ಒಳ್ಳೆಯ ವಸ್ತು; ಸಂಪಾದಿಸುವವನು ಸತ್ತರೆ ಅವನ ಸಂಪಾದನೆಯ ಜಾಗದಲ್ಲಿ ಹಣ ನಿಲ್ಲಬೇಕು, ಅದಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಆರು ಸಾವಿರ ಎಂದು ಬಂದವನಿಗೆ ಹದಿನಾಲ್ಕು ಸಾವಿರ ಎಂದಾಗ ಏನಾಗುತ್ತದೆ? ಅವನಿಗೆ ಹದಿನಾಲ್ಕು ಸಾವಿರ ನ್ಯಾಯವಾದ ಬೆಲೆ ಎಂದು ಕಾಣುವುದಿಲ್ಲ, ಮೋಸ ಎಂದು ಕಾಣುತ್ತದೆ. ಸಿಟ್ಟಿನಿಂದ ಬಿಟ್ಟು ಹೋಗುತ್ತಾನೆ. ಮುಂದಿನ ರಜೆಗೆ ಊರಿಗೆ ಹೋದಾಗ ಏಜೆಂಟ್ ಚಿಕ್ಕಪ್ಪನ ಬಳಿ ‘ಉಳಿತಾಯವೂ ಆಯ್ತು, ವಿಮೆಯೂ ಆಯ್ತು’ ಎಂದು ಐದು ಲಕ್ಷದ ಎಂಡೋಮೆಂಟ್ ಮಾಡಿಸಿ, ಅದಕ್ಕೆ ಇಪ್ಪತ್ತೈದು ಸಾವಿರ ಕಟ್ಟಿ ನೆಮ್ಮದಿಯಿಂದ ಮರಳುತ್ತಾನೆ. ಸುಳ್ಳು ಅಗ್ಗ ಜನರನ್ನು ಕರೆತರುವಷ್ಟೇ ಓಡಿಸುತ್ತದೆ.

‘ಆಫೀಸಿನಲ್ಲಿ ಗ್ರೂಪ್ ವಿಮೆ ಇದೆಯಲ್ಲ’ ಎಂದು ಸುಮ್ಮನಾಗುವವರೂ ಇದ್ದಾರೆ. ಅದು ನೌಕರಿಯ ಜೊತೆ ಹೋಗುತ್ತದೆ. ಭವಿಷ್ಯನಿಧಿಯ ಜೊತೆ ಬರುವ ಇಡಿಎಲ್‌ಐ ವಿಮೆಯ ಗರಿಷ್ಠ ಮೊತ್ತ 7 ಲಕ್ಷ. ವರ್ಷಕ್ಕೆ 436 ರೂಪಾಯಿಯ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ ಕೊಡುವುದು 2 ಲಕ್ಷ. ಇವು ಇರಲಿ, ಆದರೆ ಇವನ್ನು ನೆಚ್ಚಿ ಐವತ್ತು ಲಕ್ಷದ ಸಾಲ ಹೊತ್ತು ನಡೆಯುವಂತಿಲ್ಲ. ಅಂದಹಾಗೆ, ಈ ಸರ್ಕಾರಿ ಯೋಜನೆಯಲ್ಲಿ 436 ಅಂದರೆ 436, ನಕ್ಷತ್ರವಿಲ್ಲ. ಬೆಲೆಯನ್ನು ಬೆಲೆಯ ಹಾಗೆ ಹೇಳುವುದು ಅಸಾಧ್ಯವೇನಲ್ಲ.

ನಿಜವಾದ ಕೋಟ್ ಪಡೆಯುವ ಬಗೆ

ನಿಯಮ ಬದಲಾಗುವವರೆಗೆ ನಾವು ಕಾಯಲಾಗದು. ಆದ್ದರಿಂದ ಪರದೆ ತೆರೆಯುವ ಮುಂಚೆ ಕಾಗದದ ಮೇಲೆ ಎರಡು ಅಂಕಿ ಬರೆದುಕೊಳ್ಳಿ: ಎಷ್ಟು ಮೊತ್ತ, ಎಷ್ಟು ವರ್ಷ. ಉಳಿದ ಸಾಲ, ಮನೆಯವರ ವರ್ಷದ ಖರ್ಚು, ಮಕ್ಕಳ ಓದು, ಊರಿನಲ್ಲಿ ನಿಮ್ಮನ್ನು ನಂಬಿದ ಅಪ್ಪ ಅಮ್ಮ, ಇವು ಮೊತ್ತವನ್ನು ಹೇಳುತ್ತವೆ. ಸಂಪಾದನೆ ನಿಲ್ಲುವ ವಯಸ್ಸು ಅವಧಿಯನ್ನು ಹೇಳುತ್ತದೆ. ಬರೆದ ಮೇಲೆ ಯಾರ ಮಾತಿಗೂ ಅದನ್ನು ತಿದ್ದಬೇಡಿ.

ಆಮೇಲೆ ಮೂರು ಕಡೆ ಕೇಳಿ, ಮೂರೂ ಕಡೆ ಒಂದೇ ಪ್ರಶ್ನೆ ಕೇಳಿ: ಅದೇ ಮೊತ್ತ, ಅದೇ ಅವಧಿ, ಪ್ರತಿವರ್ಷ ಕಟ್ಟುವ ಕಂತು, ಯಾವ ರೈಡರೂ ಬೇಡ, ಪ್ರೀಮಿಯಂ ವಾಪಸು ಬೇಡ. ಮೊದಲ ವರ್ಷದ ಪ್ರೀಮಿಯಂ ಕೇಳಬೇಡಿ, ಎರಡನೇ ವರ್ಷದ್ದು ಕೇಳಿ. ರಿಯಾಯಿತಿಯ ಬಣ್ಣ ಅಲ್ಲಿ ಕಳಚುತ್ತದೆ. ಹಳೆಯ ಸ್ಕ್ರೀನ್‌ಶಾಟ್‌ಗಳನ್ನು ನಂಬಬೇಡಿ. 2025ರ ಸೆಪ್ಟೆಂಬರ್ 22ರವರೆಗೆ ಪ್ರೀಮಿಯಂ ಮೇಲೆ ಶೇ. 18 ಜಿಎಸ್‌ಟಿ ಇತ್ತು, ಆಮೇಲೆ ವೈಯಕ್ತಿಕ ಜೀವವಿಮೆಗೆ ಅದು ಇಲ್ಲ. ಹತ್ತು ಸಾವಿರದ ಪ್ರೀಮಿಯಂಗೆ ಆಗ 11,800 ಕಟ್ಟಬೇಕಿತ್ತು. ಆದರೆ ತೆರಿಗೆ ಹೋದ ಜೊತೆಗೆ ಕಂಪನಿಗಳಿಗೆ ಸಿಗುತ್ತಿದ್ದ ಹೂಡುವಳಿ ತೆರಿಗೆ ಜಮೆಯೂ ಹೋಗಿದೆ. ಅದನ್ನು ಮೂಲ ದರದಲ್ಲಿ ಸರಿದೂಗಿಸುವ ಆಸೆ ಅವರಿಗೆ ಇದ್ದೇ ಇರುತ್ತದೆ. ಕೈಯಿಂದ ಹೋಗುವ ಒಟ್ಟು ಮೊತ್ತವನ್ನೇ ಹೋಲಿಸಿ.

ಫಾರಂ ನೀವೇ ತುಂಬಿ. ಮಾತ್ರೆ, ಹೊಗೆಸೊಪ್ಪು, ಅಪ್ಪನ ಹೃದಯಾಘಾತ, ಹಳೆಯ ಪಾಲಿಸಿಗಳು, ಹಿಂದಿನ ನಿರಾಕರಣೆ, ಎಲ್ಲವನ್ನೂ ಬರೆಯಿರಿ. ವೈದ್ಯಕೀಯ ಪರೀಕ್ಷೆ ಬೇಡ ಎನ್ನುವ ಯೋಜನೆಗೆ ಮರುಳಾಗದೆ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಕಂಪನಿ ತಾನೇ ಪರೀಕ್ಷಿಸಿ ಒಪ್ಪಿಕೊಂಡದ್ದನ್ನು ನಾಳೆ ನಿಮ್ಮ ಹೆಂಡತಿಯ ಎದುರು ಅಲ್ಲಗಳೆಯುವುದು ಕಷ್ಟ. ಹಣದ ವಿಷಯಕ್ಕೆ 2025ರ ಮಾರ್ಚ್‌ನಿಂದ ಬಿಮಾ-ಆಸ್ಬಾ ಎಂಬ ಸೌಲಭ್ಯ ಬಂದಿದೆ: ಪ್ರೀಮಿಯಂ ನಿಮ್ಮ ಖಾತೆಯಲ್ಲೇ ಯುಪಿಐ ಮೂಲಕ ತಡೆದಿರುತ್ತದೆ, ಕಂಪನಿ ಅರ್ಜಿ ಒಪ್ಪಿದ ಮೇಲಷ್ಟೇ ಕಡಿತವಾಗುತ್ತದೆ. ಹಣ ಮೊದಲೇ ಅವರ ಕೈಸೇರಿದ್ದರೆ ಏರಿಸಿದ ಬೆಲೆಗೆ ‘ಆಗಲಿ ಬಿಡಿ’ ಎನ್ನುವ ಮನಸ್ಸು ನಮ್ಮದು. ಹಣ ನಮ್ಮಲ್ಲೇ ಇದ್ದರೆ ಯೋಚಿಸುವ ಪುರುಸೊತ್ತು ಇರುತ್ತದೆ.

ಪ್ರೀಮಿಯಂ ಏರಿಸಿದ ಪತ್ರ ಬಂದರೆ ಅದನ್ನು ಅವಮಾನ ಎಂದುಕೊಳ್ಳಬೇಡಿ. ನಿಮ್ಮ ಸತ್ಯವನ್ನೆಲ್ಲ ಓದಿದ ಮೇಲೆ ಬರೆದ ಮೊದಲ ಪ್ರಾಮಾಣಿಕ ಬೆಲೆ ಅದು. ಬೇಕಾದರೆ ಇನ್ನೊಂದು ಕಂಪನಿಯಲ್ಲಿ ಕೇಳಿ, ಅಲ್ಲಿ ಇದನ್ನೂ ತಿಳಿಸಿ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದ ಅವಕಾಶವಿದೆ. ಜೊತೆಗೆ ಬರುವ ಪ್ರೊಪೋಸಲ್ ಫಾರಂ ಪ್ರತಿಯನ್ನು ಸಾಲು ಸಾಲಾಗಿ ಓದಿ. ನೀವು ಹೇಳಿದ್ದು, ಅವರು ಬರೆದದ್ದು ಒಂದೇ ಆಗಿದೆಯೇ ನೋಡಿ. ಇಲ್ಲದಿದ್ದರೆ ತಿದ್ದಿಸಿ, ಇಲ್ಲವೇ ವಾಪಸು ಮಾಡಿ.

ಕೇಳಬೇಕಾದದ್ದು

ಇಷ್ಟೆಲ್ಲ ಎಚ್ಚರ ನಮ್ಮ ಮೇಲೇ ಏಕೆ ಬೀಳಬೇಕು ಎಂಬ ಪ್ರಶ್ನೆ ಉಳಿದೇ ಇದೆ. ಹೈದರಾಬಾದಿನಲ್ಲಿ ಕುಳಿತಿರುವ ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ, ಕೆಲವು ಒಳ್ಳೆಯ ನಿಯಮಗಳನ್ನು ತಂದಿದೆ. ಈಗ ಬೆಲೆಯ ಮಾತಿಗೂ ಬರಲಿ.

ಜಾಹೀರಾತಿನಲ್ಲಿ ಬೆಲೆ ಹೇಳುವುದಾದರೆ 30, 40, 50 ಮೂರೂ ವಯಸ್ಸಿನ ಬೆಲೆಯನ್ನು, ತಂಬಾಕು ಬಳಸುವವರ ಮತ್ತು ಬಳಸದವರ ಬೆಲೆಯನ್ನು ಒಂದೇ ಗಾತ್ರದ ಅಕ್ಷರದಲ್ಲಿ ಹೇಳಲಿ. ಕಳೆದ ವರ್ಷ ಅರ್ಜಿ ಹಾಕಿದ ನೂರು ಜನರಲ್ಲಿ ಎಷ್ಟು ಜನರಿಗೆ ಪರದೆಯ ಬೆಲೆಗೇ ಪಾಲಿಸಿ ಸಿಕ್ಕಿತು, ಎಷ್ಟು ಜನರಿಗೆ ಏರಿಸಿದರು, ಎಷ್ಟು ಜನರನ್ನು ವಾಪಸು ಕಳಿಸಿದರು ಎಂಬುದು ಪ್ರತಿ ಕೋಟ್‌ನ ಪಕ್ಕದಲ್ಲಿ ಇರಲಿ. ಟರ್ಮ್ ಪಾಲಿಸಿಗಳ ಕ್ಲೇಮು ಅನುಪಾತ ಬೇರೆಯಾಗಿ, ಹಣದ ಲೆಕ್ಕದಲ್ಲಿ, ಮೊದಲ ಮೂರು ವರ್ಷದ್ದು ಪ್ರತ್ಯೇಕವಾಗಿ ಬರಲಿ. ಈ ಅಂಕಿಗಳೆಲ್ಲ ಕಂಪನಿಗಳ ಕಂಪ್ಯೂಟರಿನಲ್ಲಿ ಈಗಲೇ ಇವೆ. ಹೊಸದಾಗಿ ಎಣಿಸಬೇಕಾದ್ದು ಏನೂ ಇಲ್ಲ.

ಇನ್ನೊಂದು ನಮ್ಮದೇ ಬೇಡಿಕೆ. ಕನ್ನಡದಲ್ಲಿ ಸಹಿ ಮಾಡುವವರಿಂದ ಪ್ರೊಪೋಸಲ್ ಫಾರಂ ಒಂದು ಘೋಷಣೆ ಕೇಳುತ್ತದೆ: ಇದರಲ್ಲಿರುವುದನ್ನು ಇವರ ಭಾಷೆಯಲ್ಲಿ ವಿವರಿಸಲಾಗಿದೆ ಎಂದು ಮತ್ತೊಬ್ಬರು ಬರೆದುಕೊಡಬೇಕು. ವಿವರಿಸಿದರೋ ಇಲ್ಲವೋ, ಆ ಸಹಿ ಬೀಳುತ್ತದೆ. ಒಂದು ಕೋಟಿಯ ಕರಾರಿನ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿ, ಉತ್ತರ ತಪ್ಪಾದರೆ ಕುಟುಂಬವನ್ನು ಶಿಕ್ಷಿಸುವ ಬದಲು, ಪ್ರಶ್ನೆಯನ್ನೇ ಕನ್ನಡದಲ್ಲಿ, ಮರಾಠಿಯಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಕೇಳಬಹುದು. ಜಾಹೀರಾತನ್ನು ಎಲ್ಲ ಭಾಷೆಗಳಲ್ಲೂ ಮಾಡಲು ಬರುವವರಿಗೆ ಫಾರಂ ಮಾಡಲು ಬರುವುದಿಲ್ಲವೇ?

ಅಲ್ಲಿಯವರೆಗೆ, ಯಾರಾದರೂ ನಿಮಗೆ ದಿನಕ್ಕೆ ಹದಿನಾರು ರೂಪಾಯಿ ಎಂದರೆ ಒಂದೇ ಪ್ರಶ್ನೆ ಕೇಳಿ: ನನ್ನ ವಯಸ್ಸಿಗೆ, ನನ್ನ ಕಾಯಿಲೆಗೆ, ಎರಡನೇ ವರ್ಷಕ್ಕೆ ಎಷ್ಟು? ಅದಕ್ಕೆ ಬರವಣಿಗೆಯಲ್ಲಿ ಬಂದ ಉತ್ತರವನ್ನು ಮಾತ್ರ ಬೆಲೆ ಎಂದು ಕರೆಯಿರಿ.